ದುಬಾರಿ ಲೆನ್ಸ್ ಹಾಕಿಸಿಕೊಂಡರೆ ಇನ್ನೂ ಚೆನ್ನಾಗಿ ಕಾಣುತ್ತದೆಯೇ?

ಕಣ್ಣಿನ ಪೊರೆ ತೆಗೆಸಲು ದಿನ ಗೊತ್ತುಮಾಡಿಕೊಂಡವರು ಗೋಣಿಕೊಪ್ಪದ ನನ್ನ ಕನ್ನಡಕದ ಅಂಗಡಿಗೆ ಬಂದು ಕೇಳುವುದು ಇದನ್ನೇ. ಪೊರೆ ತೆಗೆದ ಜಾಗದಲ್ಲಿ ಕಣ್ಣೊಳಗೆ ಕೂರಿಸುವ, ದೂರ ಹತ್ತಿರ ಎರಡನ್ನೂ ತೋರಿಸುವ ಮಲ್ಟಿಫೋಕಲ್ ಲೆನ್ಸ್‌ಗೆ ಅಷ್ಟು ಹಣ ಕೊಟ್ಟ ಮೇಲೆ ನೋಟವೂ ಅಷ್ಟೇ ಸ್ಪಷ್ಟವಾಗಬೇಕಲ್ಲವೇ ಎಂಬುದು ಅವರ ಲೆಕ್ಕ. ಇಲ್ಲ ಎನ್ನುತ್ತೇನೆ. ಕನ್ನಡಕ ಮಾರುವವನು ಮತ್ತೇನು ಹೇಳಿಯಾನು ಎಂದು ನಗುವವರಿದ್ದಾರೆ, ನಗಲಿ.

ಮೊನೊಫೋಕಲ್ ಲೆನ್ಸ್ ಬೆಳಕನ್ನೆಲ್ಲ ಒಂದೇ ದೂರಕ್ಕೆ ಹೊಂದಿಸುತ್ತದೆ. ಸಾಮಾನ್ಯವಾಗಿ ದೂರದ ನೋಟಕ್ಕೆ. ಓದಲು ಚಾಳೀಸು ಬೇಕು. ಮಲ್ಟಿಫೋಕಲ್‌ಗಳಲ್ಲಿ ಹೆಚ್ಚಿನವು ಸೂಕ್ಷ್ಮವಾದ ಉಂಗುರಗಳಿಂದ ಬೆಳಕನ್ನು ಹಂಚುತ್ತವೆ. ಎರಡು ಫೋಕಸ್‌ಗಳ ಹಳೆಯ ವಿನ್ಯಾಸದಲ್ಲಿ ದೂರಕ್ಕೆ ಸುಮಾರು ಶೇ. 41, ಹತ್ತಿರಕ್ಕೂ ಅಷ್ಟೇ. ಉಳಿದದ್ದು ಯಾವುದಕ್ಕೂ ಒದಗದೆ ಚದುರಿಹೋಗುತ್ತದೆ. ಸಾಲದ್ದಕ್ಕೆ, ಸ್ಪಷ್ಟವಾದ ಬಿಂಬದ ಮೇಲೆ ಇನ್ನೊಂದು ಫೋಕಸ್‌ನ ಮಸುಕು ಬಿಂಬವೂ ಬೀಳುತ್ತದೆ. ಕಾಂಟ್ರಾಸ್ಟ್, ಅಂದರೆ ಕಪ್ಪು ಬಿಳುಪಿನ ವ್ಯತ್ಯಾಸ ಎದ್ದು ಕಾಣುವುದು, ಕುಗ್ಗುವುದು ಹೀಗೆ.

ಬಿಳಿ ಹಲಗೆಯ ಕಪ್ಪು ಅಕ್ಷರಗಳನ್ನು ಮೊನೊಫೋಕಲ್ ಹಾಕಿಸಿಕೊಂಡವರೂ ಮಲ್ಟಿಫೋಕಲ್ ಹಾಕಿಸಿಕೊಂಡವರೂ ಕೊನೆಯ ಸಾಲಿನವರೆಗೂ ಓದಿಯಾರು. ಆದರೆ ಸಿದ್ದಾಪುರದ ಕಡೆ ಮುಸ್ಸಂಜೆಯಲ್ಲಿ ತೋಟದ ಅಂಚಿಗೆ ಆನೆ ನಿಂತಿದ್ದರೆ, ಅದರ ಮೈಗೂ ಮರಗಳ ನೆರಳಿಗೂ ಎಷ್ಟು ವ್ಯತ್ಯಾಸವಿರುತ್ತದೆ? ಆಷಾಢದ ಮಂಜಿನಲ್ಲಿ ರಸ್ತೆಯ ಅಂಚು? ಅಕ್ಷರದ ಹಲಗೆ ಅಳೆಯದ ನೋಟ ಇದು. ಸಂಪಾಜೆ ಘಾಟಿಯಲ್ಲಿ ರಾತ್ರಿ ಎದುರು ಬರುವ ಲಾರಿಯ ದೀಪಗಳ ಸುತ್ತ ಬಳೆಗಳಂತೆ ಬೆಳಕು ಕಾಣುವುದೂ ಮಲ್ಟಿಫೋಕಲ್‌ನಲ್ಲಿಯೇ ಹೆಚ್ಚು. ಕೆಲವು ತಿಂಗಳಲ್ಲಿ ಮೆದುಳು ಹೊಂದಿಕೊಳ್ಳುತ್ತದೆ ಎನ್ನುತ್ತಾರೆ. ಹಲವರಿಗೆ ನಿಜ. ಹೊಂದಿಕೊಳ್ಳಲಾಗದೆ ಲೆನ್ಸನ್ನೇ ಬದಲಾಯಿಸಿಕೊಂಡವರೂ ಇದ್ದಾರೆ.

ಹಾಗೆಂದು ಅದು ಮೋಸದ ಸರಕಲ್ಲ. ದಿನವಿಡೀ ಬಿಲ್ಲು, ಮೊಬೈಲ್, ಗಿರಾಕಿಯ ಮುಖ ಎಂದು ಕಣ್ಣಾಡಿಸುತ್ತ, ಕತ್ತಲಾದ ಮೇಲೆ ಗಾಡಿ ಮುಟ್ಟದವರಿಗೆ ಚಾಳೀಸು ಹುಡುಕುವ ಕಾಟ ತಪ್ಪುವುದು ಸಣ್ಣ ಸುಖವಲ್ಲ. ಆದರೆ ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲ ಕೆಟ್ಟಿದ್ದರೆ, ಗ್ಲಾಕೋಮಾದಿಂದ ಕಣ್ಣಿನ ನರಕ್ಕೆ ಪೆಟ್ಟಾಗಿದ್ದರೆ ನಾನಂತೂ ಆ ಮಾತೇ ಬೇಡ ಎನ್ನುತ್ತೇನೆ.

ನಡುದಾರಿಯೂ ಇದೆ: ಎರಡೂ ಕಣ್ಣಿಗೆ ಮೊನೊಫೋಕಲ್, ಒಂದನ್ನು ತುಸು ಹತ್ತಿರಕ್ಕೆ ಹೊಂದಿಸುವುದು. ಪೊರೆ ಇನ್ನೂ ತೆಳುವಾಗಿದ್ದರೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಮೊದಲೇ ಪರೀಕ್ಷಿಸಿ ನೋಡಬಹುದು. ಬೆಲೆಪಟ್ಟಿ ಕೇಳುವ ಮೊದಲು, ರಾತ್ರಿ ಜೀಪು ಓಡಿಸುವವರು ನೀವೋ ನಿಮ್ಮ ಮಗನೋ ಎಂಬುದನ್ನು ಶಸ್ತ್ರಚಿಕಿತ್ಸಕರಿಗೆ ತಿಳಿಸಿ.