ಮಾವ ಕೇಳಿದ ಟೆಸ್ಟು

2024ರ ಅಕ್ಟೋಬರಿನಲ್ಲಿ, ಮೈಕ್ರೋ ಆರ್‌ಎನ್‌ಎ ಕಂಡುಹಿಡಿದವರಿಗೆ ನೊಬೆಲ್ ಎಂಬ ಸುದ್ದಿ ಬಂದ ವಾರ, ನಾನು ಬದಿಯಡ್ಕದ ಹತ್ತಿರ ಮಾವನ ಮನೆಗೆ ಹೋಗಿದ್ದೆ. ಮಾವ ಪೇಪರಿನ ತುಂಡೊಂದನ್ನು ಕತ್ತರಿಸಿ ತಮ್ಮ ಬಯಾಪ್ಸಿ ಫೈಲಿನೊಳಗೆ ಇಟ್ಟುಕೊಂಡಿದ್ದರು. ಚಾ ಮುಗಿಯುವ ಮೊದಲೇ ಅದು ನನ್ನ ಮುಂದೆ ಬಂತು.

"ನೀನು ಕಲಿಯುವುದು ಇದೇ ಅಲ್ವಾ? ಈ ಮೈಕ್ರೋ ಆರ್‌ಎನ್‌ಎ ಟೆಸ್ಟು ನನಗೆ ಮಾಡಿದ್ದಾರಾ?"

ಮಾವನಿಗೆ ಕೆನ್ನೆಯ ಒಳಗೆ ಕ್ಯಾನ್ಸರ್ ಆಗಿ ಹಿಂದಿನ ವರ್ಷ ಮಂಗಳೂರಿನಲ್ಲಿ ಆಪರೇಷನ್ ಆಗಿತ್ತು. ಹೊಗೆಸೊಪ್ಪು ಮುಟ್ಟಿದವರಲ್ಲ, ಎಲೆ ಅಡಿಕೆ ಮಾತ್ರ. ಅಡಿಕೆಯಿಂದಲೂ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಹೇಳಿದೆ. ಅಂಗಳ ತುಂಬ ಅಡಿಕೆ ಒಣಗುವ ಮನೆಗಳಲ್ಲಿ ಆ ಮಾತನ್ನು ಯಾರೂ ಎತ್ತುವುದಿಲ್ಲ. ನಾನೂ ಎತ್ತಲಿಲ್ಲ.

ಗಡ್ಡೆ ಎಷ್ಟು ದೊಡ್ಡದು, ಎಷ್ಟು ಆಳಕ್ಕೆ ಇಳಿದಿತ್ತು, ಕತ್ತಿನ ಗ್ರಂಥಿಗೆ ಹಬ್ಬಿತ್ತಾ ಎಂಬುದೆಲ್ಲ ರಿಪೋರ್ಟಿನಲ್ಲಿತ್ತು. ಮುಂದೆ ಏನಾಗಬಹುದು ಎಂದು ಡಾಕ್ಟ್ರು ಅಂದಾಜು ಮಾಡುವುದು ಮುಖ್ಯವಾಗಿ ಇವುಗಳಿಂದಲೇ. ಮಾವನಿಗೆ ಅಂದಾಜು ಬೇಡ. ತಿರುಗಿ ಬರ್ತದಾ, ಇಲ್ವಾ, ಅಷ್ಟು ಹೇಳಬೇಕು.

ಕುಳಿತು ವಿವರಿಸಿದೆ. ಜೀನಿನಿಂದ ಒಂದು ಸಂದೇಶ ಹೊರಡುತ್ತದೆ, ಅದನ್ನು ಓದಿ ಜೀವಕೋಶ ಪ್ರೋಟೀನ್ ಕಟ್ಟುತ್ತದೆ. ಮೈಕ್ರೋ ಆರ್‌ಎನ್‌ಎ ಎಂಬ, ಸುಮಾರು 22 ಅಕ್ಷರದ ಪುಟ್ಟ ಆರ್‌ಎನ್‌ಎ ತುಂಡೊಂದು ಆ ಸಂದೇಶಕ್ಕೆ ಅಂಟಿಕೊಂಡು ಕೆಲಸ ನಿಲ್ಲಿಸಬಲ್ಲದು. ಈ ನೊಬೆಲ್ ಪಡೆದ ಆಂಬ್ರೋಸ್ ಮತ್ತು ರುವ್ಕುನ್ 1993ರಲ್ಲಿ ಇದನ್ನು ಕಂಡದ್ದು ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ. ಕ್ಯಾನ್ಸರಿನಲ್ಲಿ ಈ ತುಂಡುಗಳ ಲೆಕ್ಕ ತಪ್ಪುತ್ತದೆ. ಲೆಟ್-7 ಎಂಬುದು ಕಡಿಮೆಯಿದ್ದ ಶ್ವಾಸಕೋಶ ಕ್ಯಾನ್ಸರಿನವರು ಆಪರೇಷನ್ ಆದ ಮೇಲೆ ಕಡಿಮೆ ಕಾಲ ಬದುಕಿದ್ದರು ಎಂದು ಜಪಾನಿನವರು 2004ರಲ್ಲಿ ತೋರಿಸಿದರು. ಬಾಯಿ ಕ್ಯಾನ್ಸರೂ ಸೇರಿ ಎಷ್ಟೋ ಕ್ಯಾನ್ಸರುಗಳಲ್ಲಿ ಮಿರ್-21 ಎಂಬುದು ಏರಿರುತ್ತದೆ.

"ಅಂದ್ರೆ ಅಡಿಕೆ ಮರದ ಹೂ, ಹಿಂಗಾರ ನೋಡಿ ಫಸಲು ಹೇಳುವುದು," ಎಂದರು ಮಾವ. "ನಡುವೆ ಕೊಳೆರೋಗ ಬಂದ್ರೆ ಎಲ್ಲ ಹೋಯ್ತು."

ನನ್ನ ಮೇಷ್ಟ್ರುಗಳೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಆದರೆ ಇಲ್ಲಿ ಹಿಂಗಾರ ಎಣಿಸುವುದರಲ್ಲೇ ತಕರಾರು. ಈ ತುಂಡುಗಳನ್ನು ರಕ್ತದಲ್ಲಿ ಅಳೆಯಲು ಹೋಗಿ, ರಕ್ತ ತೆಗೆಯುವಾಗ ಕೆಂಪು ಕಣ ಒಡೆದರೆ ಅದರೊಳಗಿನ ಮಿರ್-451 ಎಂಬ ತುಂಡೆಲ್ಲ ಹೊರಗೆ ಚೆಲ್ಲುತ್ತದೆ. ಆಗ ಬರುವ ಅಂಕಿ ಸೂಜಿ ಹಿಡಿದವರ ಕೈಯದ್ದು, ಕ್ಯಾನ್ಸರಿನದ್ದಲ್ಲ. ಯಾವುದಕ್ಕೆ ಹೋಲಿಸಿ ಜಾಸ್ತಿ, ಯಾವುದಕ್ಕೆ ಹೋಲಿಸಿ ಕಡಿಮೆ ಎಂಬುದರಲ್ಲೂ ಲ್ಯಾಬುಗಳಿಗೆ ಒಮ್ಮತವಿಲ್ಲ. ನೂರು ಜನರ ಗುಂಪಿನಲ್ಲಿ ಕಂಡ ವ್ಯತ್ಯಾಸ ಇನ್ನೊಂದು ಊರಿನ ನೂರು ಜನರಲ್ಲಿ ಕಾಣದೇ ಹೋಗುವುದೂ ಮಾಮೂಲು. ಹಾಗಾಗಿ ಬಾಯಿ ಕ್ಯಾನ್ಸರಿನ ಚಿಕಿತ್ಸೆಯನ್ನು ಇದನ್ನು ನೋಡಿ ನಿರ್ಧರಿಸುವ ಪದ್ಧತಿ ಇನ್ನೂ ಬಂದಿಲ್ಲ.

"ಮತ್ತೆ ನೊಬೆಲ್ ಯಾಕೆ ಕೊಟ್ರು?"

"ಜೀವಕೋಶ ಹೀಗೂ ಕೆಲಸ ಮಾಡ್ತದೆ ಅಂತ ಕಂಡುಹಿಡಿದದ್ದಕ್ಕೆ. ಟೆಸ್ಟಿಗಲ್ಲ."

ಮಾವನಿಗೆ ಸಮಾಧಾನ ಆಗಲಿಲ್ಲ. ಆಪರೇಷನ್ನಿನಲ್ಲಿ ತಮ್ಮಿಂದ ತೆಗೆದಿಟ್ಟ ಗಡ್ಡೆಯ ತುಂಡು ಇನ್ನೂ ಉಂಟಾ, ಮುಂದೆ ಟೆಸ್ಟು ಬಂದರೆ ಅದರಲ್ಲೇ ಮಾಡಬಹುದಾ ಎಂದರು. ಒಳ್ಳೆಯ ಪ್ರಶ್ನೆಯೇ. ಮೇಣದ ಅಚ್ಚಿನಲ್ಲಿ ಕೂರಿಸಿದ ಅಂಗಾಂಶದಲ್ಲಿ ಉದ್ದದ ಆರ್‌ಎನ್‌ಎ ಚೂರಾಗಿ ಹೋದರೂ ಈ ಗಿಡ್ಡ ತುಂಡುಗಳು ವರ್ಷಗಟ್ಟಲೆ ಉಳಿಯುತ್ತವೆ. ಸಂಶೋಧಕರಿಗೆ ಇವುಗಳ ಮೇಲೆ ಅಷ್ಟು ಆಸೆ ಇರುವುದೂ ಅದಕ್ಕೇ.

ಅಷ್ಟರಲ್ಲಿ ಅತ್ತೆ ಒಳಗಿನಿಂದ ಬಂದರು. "ಅದೆಲ್ಲ ಇರಲಿ, ಕಳೆದ ಚೆಕಪ್ಪಿಗೆ ಯಾಕೆ ಹೋಗಲಿಲ್ಲ ಅಂತ ಕೇಳು."

ತೋಟಕ್ಕೆ ಮದ್ದು ಬಿಡುವ ಜನ ಸಿಕ್ಕಿದ್ದು ಅದೇ ದಿನವಂತೆ. ನನಗೆ ಸಿಟ್ಟೇ ಬಂತು. ಬಾಯಿ ಕ್ಯಾನ್ಸರ್ ತಿರುಗಿ ಬರುವುದಿದ್ದರೆ ಹೆಚ್ಚಾಗಿ ಮೊದಲ 2 ವರ್ಷಗಳಲ್ಲೇ ಬರುತ್ತದೆ. ಡಾಕ್ಟ್ರು ಬಾಯಿಯೊಳಗೆ ಟಾರ್ಚು ಹಿಡಿದು, ಕತ್ತು ಒತ್ತಿ ನೋಡುವುದು ಅದಕ್ಕಾಗಿಯೇ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

ಮಾವ ಪೇಪರಿನ ತುಂಡನ್ನು ಮಡಚಿದರು. "ಸೋಮವಾರ ಬೇಡ, ಬಸ್ಸಿನಲ್ಲಿ ರಶ್ಶು. ಮಂಗಳವಾರ ಕೇಳಿ ನೋಡು," ಎಂದರು. ಅತ್ತೆ ಆಗಲೇ ಆಸ್ಪತ್ರೆಗೆ ಫೋನು ಹಚ್ಚಿದ್ದರು.