ಕುತ್ತಿಗೆಗೆ ಕೊನೆಯ ಸರದಿ

ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಹಿಮ್ಸ್‌ನಲ್ಲಿ ಫೊರೆನ್ಸಿಕ್ ಮೆಡಿಸಿನ್, ಅಂದರೆ ಮರಣೋತ್ತರ ಪರೀಕ್ಷೆಯ ವಿದ್ಯೆ, ಕಲಿತವರನ್ನು ಯಾವಾಗ ಕೇಳಿದರೂ ಮೊದಲು ಬಾಯಿಗೆ ಬರುವುದು ಒಂದು ಸಾಲು: ನೇಣಿನ ಕೇಸಿನಲ್ಲಿ ಕುತ್ತಿಗೆ ಕೊನೆಗೆ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಮಾಡಬೇಕು ಎಂಬುದನ್ನು ಶವಾಗಾರದಲ್ಲಿ ನಮ್ಮ ಗುರುಗಳು ತಿದ್ದಿದಷ್ಟು ಬೇರೇನನ್ನೂ ತಿದ್ದಲಿಲ್ಲ.

ಮೊದಲು ಕಾಗದ ಓದಬೇಕು. ಪೊಲೀಸರ ಕೋರಿಕೆ ಪತ್ರ, ಶವ ಪಂಚನಾಮೆ, ಯುಡಿಆರ್ (ಅಸಹಜ ಸಾವಿನ ವರದಿ) ಸಂಖ್ಯೆ ಇಲ್ಲದೆ ಬಟ್ಟೆಯ ಗುಂಡಿ ಕೂಡ ಬಿಚ್ಚುವಂತಿಲ್ಲ. ಇಂಥ ಸಾವಿನ ತನಿಖೆಯ ಕಲಂ ಅನ್ನು ನಮ್ಮ ಕಾಲಕ್ಕೆ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 174 ಎಂದು ಬರೆಯುತ್ತಿದ್ದೆವು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ. ಮದುವೆಯಾಗಿ 7 ವರ್ಷದೊಳಗೆ ಹೆಣ್ಣುಮಗಳು ಅನುಮಾನಾಸ್ಪದವಾಗಿ ತೀರಿಕೊಂಡಿದ್ದರೆ ತಹಶೀಲ್ದಾರರ ಪಂಚನಾಮೆ ಬಂದಿದೆಯೇ ಎಂದೂ ನೋಡಬೇಕು.

ಇನ್ನು ಕುತ್ತಿಗೆ. ಹಗ್ಗ ಕುತ್ತಿಗೆಯಲ್ಲೇ ಇದ್ದರೆ ಗಂಟನ್ನು ಮುಟ್ಟಬಾರದು. ಗಂಟಿನಿಂದ ದೂರ ಕತ್ತರಿಸಿ, ಎರಡೂ ತುದಿಗಳನ್ನು ದಾರದಿಂದ ಕಟ್ಟಿ ಇಡಬೇಕು; ಗಂಟು ಯಾವ ಥರದ್ದು ಎಂಬುದೂ ಸಾಕ್ಷ್ಯವೇ. ಆಮೇಲೆ ಗುರುತು: ಥೈರಾಯ್ಡ್ ಕಾರ್ಟಿಲೇಜಿನ (ಗಂಟಲಮಣಿಯ ಮೃದ್ವಸ್ಥಿ) ಮೇಲ್ಗಡೆ, ಓರೆಯಾಗಿ ಕಿವಿಯ ಹಿಂದಕ್ಕೆ ಏರಿ, ಗಂಟಿನ ಹತ್ತಿರ ಮಾಯವಾಗಿದ್ದರೆ ಸಾಮಾನ್ಯವಾಗಿ ನೇಣು. ಕೆಳಗಡೆ, ಅಡ್ಡಲಾಗಿ, ಸುತ್ತಲೂ ಬಂದಿದ್ದರೆ ಹಗ್ಗ ಬಿಗಿದು ಕೊಂದಿರಬಹುದೇ ಎಂದು ಯೋಚಿಸಬೇಕು. ಇಷ್ಟಾದ ಮೇಲೂ ಕುತ್ತಿಗೆಗೆ ಚಾಕು ಇಲ್ಲ. ಮೊದಲು ತಲೆಬುರುಡೆ ತೆರೆದು ಮೆದುಳು ತೆಗೆಯಬೇಕು, ಆಮೇಲೆ ಎದೆ ತೆರೆದು ಹೃದಯ ತೆಗೆಯಬೇಕು. ಆಗ ಕುತ್ತಿಗೆಯ ರಕ್ತನಾಳಗಳಲ್ಲಿ ತುಂಬಿದ್ದ ರಕ್ತ ಮೇಲಕ್ಕೂ ಕೆಳಕ್ಕೂ ಬಸಿದುಹೋಗುತ್ತದೆ. ಭುಜದ ಕೆಳಗೆ ಮರದ ದಿಮ್ಮಿ ಇಟ್ಟು, ರಕ್ತ ಬಸಿದ ಆ ಕುತ್ತಿಗೆಯಲ್ಲಿ ಚರ್ಮ, ಅದರಡಿಯ ತೆಳು ಸ್ನಾಯು ಪ್ಲಾಟಿಸ್ಮಾ, ಪಕ್ಕದ ದಪ್ಪ ಸ್ನಾಯು ಸ್ಟರ್ನೋಮ್ಯಾಸ್ಟಾಯ್ಡ್, ಅದರಡಿಯ ಪಟ್ಟಿ ಸ್ನಾಯುಗಳು ಎಂದು ಈರುಳ್ಳಿ ಬಿಡಿಸಿದ ಹಾಗೆ ಒಂದೊಂದೇ ಪದರ ಎತ್ತಬೇಕು. ಅವಸರಪಟ್ಟು ಕುತ್ತಿಗೆಯನ್ನೇ ಮೊದಲು ಕೊಯ್ದರೆ ತುಂಬಿದ ನಾಳಗಳಿಂದ ರಕ್ತ ಸೋರಿ ಸ್ನಾಯುಗಳ ನಡುವೆ ಹರಡುತ್ತದೆ. ಅದು ನೋಡಲು ಕತ್ತು ಹಿಸುಕಿದ ಗಾಯದಂತೆಯೇ ಇರುತ್ತದೆ. ನಾವೇ ಮಾಡಿದ ಕಲೆಯಿಂದ ಒಬ್ಬರ ಮೇಲೆ ಕೊಲೆ ಕೇಸು ಬೀಳಬಹುದು. ನಾಲಿಗೆಯ ಬುಡದ ಹೈಯಾಯ್ಡ್ ಮೂಳೆ ಮುರಿದಿದ್ದರೂ ಅದರ ಸುತ್ತ ರಕ್ತ ಹೆಪ್ಪುಗಟ್ಟಿದೆಯೇ ಎಂದು ನೋಡದೆ ಬರೆಯುವಂತಿಲ್ಲ. ಹೊರತೆಗೆಯುವಾಗ ನಮ್ಮ ಕೈಯಲ್ಲೇ ಮುರಿಯುವುದುಂಟು.

ನಮ್ಮ ಜಿಲ್ಲೆಗೆ ಅದರದ್ದೇ ಕೇಸುಗಳಿವೆ. ಸಕಲೇಶಪುರ, ಬೇಲೂರು ಕಡೆ ಮೆಣಸು ಕೊಯ್ಯುವವರ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗಲುವುದು ಅಂಥದ್ದು. ಅಂಗೈ ಮತ್ತು ಬೆರಳ ಸಂದಿಯನ್ನು ಲೆನ್ಸ್ ಹಿಡಿದು ನೋಡಬೇಕು: ವಿದ್ಯುತ್ ಹೊಕ್ಕ ಗುರುತಿಗೆ ನಡುವೆ ತಗ್ಗು, ಸುತ್ತ ಬಿಳಿಚಿದ ಉಬ್ಬು ಅಂಚು. ಅಂಗಾಲನ್ನೂ ಚಪ್ಪಲಿಯನ್ನೂ ಬಿಡಬಾರದು. ಕೈ ಒದ್ದೆಯಿದ್ದರೆ ಗುರುತೇ ಮೂಡದಿರಬಹುದು, ಒಳಗೂ ಏನೂ ಸಿಗುವುದಿಲ್ಲ. ಆಗ ಸ್ಥಳದ ವಿವರವೇ ಆಧಾರ. ಏಣಿಯ ಬಗ್ಗೆ ಪಂಚನಾಮೆಯಲ್ಲಿ ಒಂದು ಮಾತೂ ಇಲ್ಲದಿದ್ದರೆ ಪೊಲೀಸರನ್ನು ಕೇಳಲೇಬೇಕು.

ಹೇಮಾವತಿಯಲ್ಲೋ ಯಗಚಿಯಲ್ಲೋ ಮುಳುಗಿದವರ ಮೂಗು-ಬಾಯಿಯ ನೊರೆ, ಮುಷ್ಟಿಯಲ್ಲಿನ ಜೊಂಡು, ಡಯಾಟಮ್ (ನೀರಿನ ಸೂಕ್ಷ್ಮ ಪಾಚಿ) ಪರೀಕ್ಷೆಗೆ ಮೂಳೆಯ ಜೊತೆ ಅದೇ ನೀರಿನ ಮಾದರಿ: ಇವು ಪುಸ್ತಕದಲ್ಲಿ ಚೆನ್ನಾಗಿಯೇ ಇವೆ.

ವಿಷದ ಕೇಸಿನಲ್ಲಿ ರಾಸಾಯನಿಕ ಪರೀಕ್ಷೆಗೆ ಕಳಿಸುವ ಬಾಟಲಿಗಳನ್ನು ಮಾತ್ರ ಪುಸ್ತಕ ಓದಿ ಕಲಿಯಲಾಗದು. ಒಂದರಲ್ಲಿ ಜಠರ ಮತ್ತು ಅದರೊಳಗಿದ್ದದ್ದು, ಸಣ್ಣಕರುಳಿನ ಮೊದಲ ಭಾಗದ 30 ಸೆಂ.ಮೀ. ಇನ್ನೊಂದರಲ್ಲಿ ಯಕೃತ್ತು 500 ಗ್ರಾಂ, ಎರಡೂ ಮೂತ್ರಪಿಂಡಗಳ ಅರ್ಧರ್ಧ. ಒಂದು ಮೂತ್ರಪಿಂಡ ಮೊದಲೇ ಕೆಟ್ಟಿರಬಹುದಾದ್ದರಿಂದ ಒಂದನ್ನೇ ಇಡೀ ಹಾಕುವುದಿಲ್ಲ. ಮುಳುಗುವಷ್ಟು ಪರ್ಯಾಪ್ತ ಉಪ್ಪುನೀರು, ಅಂದರೆ ಎಷ್ಟು ಕಲಕಿದರೂ ತಳದಲ್ಲಿ ಉಪ್ಪು ಉಳಿಯುವಂಥದ್ದು. ಫಾರ್ಮಲಿನ್ ಬೇಡ, ಅಂಗಾಂಶ ಗಟ್ಟಿಯಾಗಿ ವಿಷ ಬೇರ್ಪಡಿಸುವುದು ಕಷ್ಟ. ಬಾಟಲಿಯ ಮೂರನೇ ಎರಡು ಭಾಗ ಮಾತ್ರ ತುಂಬಬೇಕು, ಇಲ್ಲವಾದರೆ ಕೊಳೆತ ಅನಿಲ ಮುಚ್ಚಳವನ್ನೇ ತಳ್ಳುತ್ತದೆ. ರಕ್ತ ತೊಡೆಯ ನಾಳದಿಂದ 10 ಮಿ.ಲೀ., ಅದು ಕೆಡದಂತೆ, ಹೆಪ್ಪುಗಟ್ಟದಂತೆ ಸೋಡಿಯಂ ಫ್ಲೋರೈಡ್ 100 ಮಿ.ಗ್ರಾಂ., ಪೊಟ್ಯಾಸಿಯಂ ಆಕ್ಸಲೇಟ್ 30 ಮಿ.ಗ್ರಾಂ. ಬಳಸಿದ ಉಪ್ಪುನೀರಿನ ಮಾದರಿ ಪ್ರತ್ಯೇಕ ಬಾಟಲಿಯಲ್ಲಿ. ಅರಗಿನ ಮುದ್ರೆ, ಚೀಟಿ, ಮುದ್ರೆಯ ನಮೂನೆ, ಒಯ್ಯುವ ಪೇದೆಯ ಸಹಿ. ಸಹಿಯೊಂದು ತಪ್ಪಿದರೂ ಪಾಟಿಸವಾಲಿನಲ್ಲಿ ವಕೀಲರು ಹಿಡಿಯುವುದು ಅಲ್ಲೇ.

ವರದಿಯಲ್ಲಿ ಸಾವಿನ ಕಾರಣ 'ಹೃದಯ-ಉಸಿರಾಟದ ವೈಫಲ್ಯ' ಎಂದು ಬರೆದವರಿಗೆ ಗುರುಗಳ ಬೈಗುಳ ಖಾಯಂ. ಸಾಯುವವರೆಲ್ಲರ ಹೃದಯವೂ ನಿಲ್ಲುತ್ತದೆ, ಯಾಕೆ ನಿಂತಿತು ಹೇಳಿ ಎನ್ನುತ್ತಿದ್ದರು. ಗೊತ್ತಾಗದಿದ್ದರೆ ರಾಸಾಯನಿಕ ವರದಿ ಬರುವವರೆಗೆ ಅಭಿಪ್ರಾಯ ಕಾಯ್ದಿರಿಸಿದೆ ಎಂದು ಬರೆಯುವುದೇ ಸರಿ.

ಆ ವರದಿ 'ವಿಷ ಕಂಡುಬಂದಿಲ್ಲ' ಎಂದು ಬಂದರೂ ವಿಷ ಕುಡಿದಿರಲಿಲ್ಲ ಎಂದಲ್ಲ. ವಾಂತಿಯಾಗಿರಬಹುದು. ವಾರ್ಡಿನಲ್ಲಿ ಹೊಟ್ಟೆ ತೊಳೆದು ಆರೇಳು ದಿನ ಚಿಕಿತ್ಸೆ ಕೊಟ್ಟ ಮೇಲೆ ದೇಹದಲ್ಲಿ ಏನೂ ಉಳಿಯದಿರಬಹುದು. ಹಾಗಾಗಿ ಆಸ್ಪತ್ರೆಯಲ್ಲಿ ತೀರಿಕೊಂಡವರ ಕೇಸಿನಲ್ಲಿ ಮೊದಲ ದಿನದ ರಕ್ತ, ಹೊಟ್ಟೆ ತೊಳೆದ ನೀರು ಎತ್ತಿಟ್ಟಿದ್ದಾರೆಯೇ ಎಂದು ವಾರ್ಡಿಗೆ ಫೋನ್ ಮಾಡಿ, ಕೇಸ್ ಶೀಟ್ ತರಿಸಿಕೊಂಡ ಮೇಲೆಯೇ ಮೇಜಿನ ಹತ್ತಿರ ಹೋಗಿ.