ಲಿನಕ್ಸ್‌ನಲ್ಲಿ ಕನ್ನಡ ಕುಟ್ಟುವವರಿಗೆ

ಡೆಬಿಯನ್ ಅಥವಾ ಉಬುಂಟುವಿನಲ್ಲಿ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ ಬೇಕೆಂದರೆ ಕನ್ನಡವೂ ಸೇರಿ ಹಲವು ಭಾಷೆಗಳ ಕೀಲಿಮಣೆಗಳನ್ನು ಕೊಡುವ ಐಬಸ್-ಎಂ17ಎನ್ (ibus-m17n) ಪ್ಯಾಕೇಜ್ ಹಾಕಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಇಲ್ಲವಾದರೆ ಕೀಲಿಮಣೆಗಳ ಪಟ್ಟಿಯಲ್ಲಿ ಕನ್ನಡ ಕಾಣಿಸದೆ ತಲೆ ಕೆಡಬಹುದು. ಅಲ್ಲಿ ಕೆಜಿಪಿ (KGP) ಆರಿಸಿಕೊಳ್ಳಿ; ರಾವ್ ವಿನ್ಯಾಸಕ್ಕೆ ಅಲ್ಲಿರುವ ಹೆಸರು ಅದೇ.

‘ರಾಜ್‌ಕುಮಾರ್’ ಹೊಡೆಯಲು ಹೋದರೆ ‘ರಾಜ್ಕುಮಾರ್’ ಆಗುತ್ತದೆಯೇ? ‘ಜ್’ ಆದ ಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಬೇಕು. ಇಂಗ್ಲಿಷ್ ಕೀಲಿಮಣೆಗೆ ಬದಲಿಸಿ, ಕಂಟ್ರೋಲ್-ಶಿಫ್ಟ್-ಯು ಒಟ್ಟಿಗೆ ಒತ್ತಿ, 200ಸಿ (200c) ಹೊಡೆದು ಎಂಟರ್ ಕೊಡಿ. ಆಮೇಲೆ ಕನ್ನಡಕ್ಕೆ ಮರಳಿ ‘ಕು’ ಹೊಡೆಯಿರಿ.

ಕಡತ ಬರೆಯುವ ತಂತ್ರಾಂಶ ಲಿಬ್ರೆಆಫೀಸ್‌ನದು ಬೇರೆಯೇ ಕಿರಿಕಿರಿ. ಅದು ಕನ್ನಡವನ್ನು ಸಿಟಿಎಲ್ (ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್, ಅಂದರೆ ಸಂಕೀರ್ಣ ಲಿಪಿಗಳ) ಗುಂಪಿಗೆ ಸೇರಿಸುತ್ತದೆ. ಶೈಲಿಯಲ್ಲಿ ಪಾಶ್ಚಾತ್ಯ ಫಾಂಟಿನ ಗಾತ್ರ 14ಕ್ಕೆ ಏರಿಸಿದರೂ ಕನ್ನಡ ಅಲುಗಾಡದು. ಮೊದಲು ಭಾಷೆಯ ಆಯ್ಕೆಗಳಲ್ಲಿ ಸಿಟಿಎಲ್‌ಗೆ ಟಿಕ್ ಹಾಕಿ, ಅದರದೇ ಫಾಂಟ್, ಗಾತ್ರ ಬೇರೆಯಾಗಿ ಕೊಡಿ. ನೋಟೋ ಸೆರಿಫ್ ಕನ್ನಡ ಓದಲು ಹಿತ.